ವೇದಿಕೆಯಿಂದ ಇಳಿದ ಮೇಲೆ

1916ರ ಡಿಸೆಂಬರ್ ಕೊನೆಯ ವಾರ, ಲಖನೌ ಕಾಂಗ್ರೆಸ್ ಅಧಿವೇಶನ. ಬಿಹಾರದ ಚಂಪಾರಣ ಜಿಲ್ಲೆಯಿಂದ ಬಂದಿದ್ದ ರಾಜಕುಮಾರ ಶುಕ್ಲ ಎಂಬ ರೈತರೊಬ್ಬರು ಗಾಂಧೀಜಿಯವರ ಬೆನ್ನು ಹತ್ತಿದರು. ತಮ್ಮ ಕಡೆ ನೀಲಿ ತೋಟಗಳ ಇಂಗ್ಲಿಷ್ ಯಜಮಾನರು ರೈತರನ್ನು ಹಿಂಡಿ ಹಿಪ್ಪೆ ಮಾಡುತ್ತಿದ್ದಾರೆ, ಅದರ ಮೇಲೆ ಒಂದು ನಿರ್ಣಯ ಬರಲಿದೆ, ತಾವು ಎದ್ದು ನಿಂತು ಎರಡು ಮಾತಾಡಬೇಕು ಎಂಬುದು ಶುಕ್ಲರ ಹಟ. ಗಾಂಧೀಜಿ ದಕ್ಷಿಣ ಆಫ್ರಿಕಾದಲ್ಲಿ ಹೆಸರು ಮಾಡಿ ಬಂದವರು. ಎರಡು ಮಾತಾಡಿದ್ದರೆ ಚಪ್ಪಾಳೆಗೆ ಕೊರತೆಯಿರಲಿಲ್ಲ. ಗಾಂಧೀಜಿ ಒಪ್ಪಲಿಲ್ಲ. ಕಣ್ಣಾರೆ ನೋಡದೆ ತಾನೇನೂ ಹೇಳಲಾರೆ ಎಂದುಬಿಟ್ಟರು. ನಿರ್ಣಯವನ್ನು ಬಿಹಾರದ ವಕೀಲ ಬ್ರಜಕಿಶೋರ ಪ್ರಸಾದರು ಮಂಡಿಸಿದರು.

ಆ ದಿನಗಳ ಬಗ್ಗೆ ಗಾಂಧೀಜಿ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದುಕೊಂಡಿದ್ದಾರೆ. ಚಂಪಾರಣ ಎಂಬ ಹೆಸರನ್ನೇ ಅವರು ಕೇಳಿರಲಿಲ್ಲ. ಅದು ನಕ್ಷೆಯಲ್ಲಿ ಎಲ್ಲಿದೆ ಎಂಬುದೂ ಗೊತ್ತಿರಲಿಲ್ಲ. ನೀಲಿ ಬೆಳೆಯ ಹಿಂದೆ ಸಾವಿರಾರು ರೈತರ ಗೋಳಿದೆ ಎಂಬ ಅಂದಾಜೂ ಇರಲಿಲ್ಲ.

ರಾಷ್ಟ್ರನಾಯಕರಿಂದ ನಾವು ಕಲಿಯಬೇಕಾದ್ದೇನು ಎಂದು ಶಾಲೆಯ ಭಾಷಣ ಸ್ಪರ್ಧೆಗಳಲ್ಲಿ ಪ್ರತಿ ವರ್ಷ ಕೇಳುತ್ತಾರೆ. ಧೈರ್ಯ, ತ್ಯಾಗ, ದೂರದೃಷ್ಟಿ ಎಂದು ಮಕ್ಕಳು ಗಿಳಿಪಾಠ ಒಪ್ಪಿಸುತ್ತಾರೆ, ತೀರ್ಪುಗಾರರು ಅಂಕ ಹಾಕುತ್ತಾರೆ. ಈ ಗುಣಗಳಲ್ಲಿ ದೋಷವೇನಿಲ್ಲ. ಆದರೆ ಹಾಲಿನ ಡೇರಿಯ ಕಾರ್ಯದರ್ಶಿಗೆ, ಸ್ತ್ರೀಶಕ್ತಿ ಸಂಘದ ಪ್ರತಿನಿಧಿಗೆ, ಅಪಾರ್ಟ್‌ಮೆಂಟಿನ ಸಂಘಕ್ಕೆ ಒಲ್ಲದ ಮನಸ್ಸಿನಿಂದ ಅಧ್ಯಕ್ಷರಾದ ನಿವೃತ್ತ ಮೇಷ್ಟರಿಗೆ ನಾಳೆ ಬೆಳಿಗ್ಗೆ ಎದ್ದು ತ್ಯಾಗ ಮಾಡಿ ಎಂದರೆ ಅವರು ಏನು ಮಾಡಬೇಕು? ದೊಡ್ಡ ನಾಯಕರ ಬದುಕಿನಲ್ಲಿ ಭಾಷಣ, ಮೆರವಣಿಗೆ, ಜೈಕಾರಗಳ ಪಾಲು ಕಡಿಮೆ. ಉಳಿದ ಹೊತ್ತೆಲ್ಲ ಕೇಳುವುದು, ಬರೆದುಕೊಳ್ಳುವುದು, ಲೆಕ್ಕ ಇಡುವುದು, ಜಗಳ ಬಿಡಿಸುವುದು ಇವೇ. ಆ ಉಳಿದ ಹೊತ್ತನ್ನು ನೋಡಿದರೆ ಸಾಮಾನ್ಯರಿಗೆ ದಕ್ಕುವ ಸರಕು ಬೇಕಾದಷ್ಟಿದೆ. ಅದಕ್ಕೆ ಚಂಪಾರಣಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಅಲ್ಲಿನ ಸಮಸ್ಯೆ ಹೀಗಿತ್ತು. ಒಂದು ಬಿಘಾ ನೆಲಕ್ಕೆ ಇಪ್ಪತ್ತು ಕಟ್ಠಾ. ಅದರಲ್ಲಿ ಮೂರು ಕಟ್ಠಾದಷ್ಟು ಜಾಗದಲ್ಲಿ ರೈತ ಕಡ್ಡಾಯವಾಗಿ ನೀಲಿ ಬೆಳೆದು ತೋಟದ ಯಜಮಾನನಿಗೆ ಕೊಡಬೇಕು. ಇದನ್ನು ತೀನ್‌ಕಠಿಯಾ ಎನ್ನುತ್ತಿದ್ದರು. ಅಷ್ಟರಲ್ಲಿ ಜರ್ಮನಿಯ ಕಾರ್ಖಾನೆಗಳಲ್ಲಿ ಕೃತಕ ನೀಲಿ ತಯಾರಾಗಿ ಗಿಡದ ನೀಲಿಗೆ ಬೆಲೆ ಬಿತ್ತು. ಯಜಮಾನರು ಆ ನಷ್ಟವನ್ನೂ ರೈತರ ತಲೆಗೇ ಕಟ್ಟಿದರು. ನೀಲಿ ಬೆಳೆಯುವ ಕಟ್ಟು ಬಿಡಬೇಕಾದರೆ ಗೇಣಿ ಹೆಚ್ಚಿಗೆ ಕೊಡು, ಇಲ್ಲವೇ ಇಡಿಗಂಟು ಕೊಡು ಎಂದರು. ಓದು ಬಾರದ ರೈತರು ಕಾಗದಗಳಿಗೆ ಹೆಬ್ಬೆಟ್ಟು ಒತ್ತಿದರು.

1917ರ ಏಪ್ರಿಲ್‌ನಲ್ಲಿ ಶುಕ್ಲರು ಗಾಂಧೀಜಿಯವರನ್ನು ಕಲ್ಕತ್ತೆಯಿಂದ ಪಟ್ನಾಕ್ಕೆ ಕರೆತಂದು ರಾಜೇಂದ್ರ ಪ್ರಸಾದರ ಮನೆಗೆ ಕರೆದೊಯ್ದರು. ಮನೆಯವರು ಊರಲ್ಲಿರಲಿಲ್ಲ. ಬಂದವರು ಯಾವ ಜಾತಿಯೋ ಏನೋ ಎಂದು ಆಳುಗಳು ಬಾವಿಯ ನೀರು ಸೇದಲು ಬಿಡಲಿಲ್ಲ, ಒಳಗಿನ ಪಾಯಖಾನೆಗೂ ಬಿಡದೆ ಹೊರಗಿನದನ್ನು ತೋರಿಸಿದರು. ಗಾಂಧೀಜಿ ಬೇಸರ ಮಾಡಿಕೊಳ್ಳಲಿಲ್ಲ. ಯಜಮಾನರು ಮೆಚ್ಚುವ ಹಾಗೆ ಅವರು ತಮ್ಮ ಕೆಲಸ ಮಾಡುತ್ತಿದ್ದಾರೆ ಎಂದುಕೊಂಡರಂತೆ. ಮುಂದೆ ಭಾರತದ ಮೊದಲ ರಾಷ್ಟ್ರಪತಿಯಾಗಲಿದ್ದವರ ಮನೆ ಅದು! ಒಂದು ಕಾರ್ಯಕ್ರಮದಲ್ಲಿ ತಮ್ಮ ಹೆಸರು ತಪ್ಪಾಗಿ ಓದಿದರೆಂದು ಮುಖ ಊದಿಸಿಕೊಂಡು ಹೊರಟುಹೋಗುವ ಸ್ಥಳೀಯ ಮುಖಂಡರನ್ನು ಕಂಡವರಿಗೆ ಇದರ ರುಚಿ ಹೆಚ್ಚು ಗೊತ್ತಾಗುತ್ತದೆ.

ಜಿಲ್ಲೆಗೆ ಕಾಲಿಡುವ ಮುನ್ನ ಅವರು ಮಾಡಿದ ಮೊದಲ ಕೆಲಸ ನೋಡಿ. ರೈತರನ್ನು ಕಾಣುವ ಮೊದಲೇ ತೋಟದ ಯಜಮಾನರ ಸಂಘದ ಕಾರ್ಯದರ್ಶಿಯನ್ನು ಕಂಡರು, ತಿರ್ಹುತ್ ವಿಭಾಗದ ಕಮಿಷನರರನ್ನು ಕಂಡರು. ತಾವು ಬಂದಿರುವುದೇಕೆ ಎಂದು ಇಬ್ಬರಿಗೂ ಹೇಳಿದರು. ನೀವು ಹೊರಗಿನವರು, ನಿಮಗೇಕೆ ಈ ಉಸಾಬರಿ ಎಂದು ಕಾರ್ಯದರ್ಶಿ ಹೇಳಿದರೆ, ಕಮಿಷನರ್ ಗದರಿಸಿ ಜಾಗ ಖಾಲಿ ಮಾಡಲು ಹೇಳಿದರು. ಮಾತುಕತೆಯಿಂದ ಕೈಗೆ ಬಂದದ್ದು ಏನೂ ಇಲ್ಲ. ಆದರೂ ಎದುರಾಳಿಗೆ ತಿಳಿಯದಂತೆ ಒಳಸಂಚು ಮಾಡಿದರು ಎಂದು ಹೇಳಲು ಯಾರಿಗೂ ಬಾಯಿ ಉಳಿಯಲಿಲ್ಲ.

ಮುಜಫ್ಫರಪುರದಲ್ಲಿ ಬಿಹಾರದ ವಕೀಲರು ಬಂದು ಸೇರಿದರು. ಬ್ರಜಕಿಶೋರ ಪ್ರಸಾದ್, ರಾಜೇಂದ್ರ ಪ್ರಸಾದ್, ಧರಣೀಧರ್, ರಾಮನವಮಿ ಪ್ರಸಾದ್ ಮುಂತಾದವರು. ಕೋರ್ಟಿನಲ್ಲಿ ಸಾವಿರಗಟ್ಟಲೆ ಫೀಸು ಪಡೆಯುತ್ತಿದ್ದವರೂ ಅವರಲ್ಲಿದ್ದರು. ನಿಮ್ಮ ಕಾನೂನಿನ ಜ್ಞಾನ ನನಗೆ ಹೆಚ್ಚು ಬೇಡ, ಗುಮಾಸ್ತರಾಗಿ ಬರೆದುಕೊಡಿ, ಇಲ್ಲಿನ ಆಡುಮಾತು ನನಗೆ ತಿಳಿಯದು, ದುಭಾಷಿಗಳಾಗಿ, ಜೈಲಿಗೆ ಹೋಗಬೇಕಾದರೂ ಬರಬಹುದು ಎಂದು ಗಾಂಧೀಜಿ ನೇರವಾಗಿ ಹೇಳಿದರು. ಬೇರೆಯವರಿಂದ ಕೆಲಸ ತೆಗೆಸುವವರು ಸಾಮಾನ್ಯವಾಗಿ ಕಷ್ಟವನ್ನು ಕಡಿಮೆ ಮಾಡಿ ಹೇಳುತ್ತಾರೆ: 'ಎರಡು ನಿಮಿಷದ ಕೆಲಸ ಸಾರ್, ಸುಮ್ಮನೆ ಹೆಸರು ಕೊಡಿ ಸಾಕು' ಎಂದು ಸಮಿತಿಗೆ ಸೇರಿಸಿಕೊಂಡು ಆಮೇಲೆ ಬಕೆಟ್ಟು ಪೊರಕೆ ಕೊಡುತ್ತಾರೆ. ಇಲ್ಲಿ ಬಕೆಟ್ಟು ಪೊರಕೆ ಮೊದಲೇ ತೋರಿಸಿದ್ದಾಗಿತ್ತು. ಗುಮಾಸ್ತಿಕೆಗೆ ವಕೀಲರು ಒಪ್ಪಿದರು, ಜೈಲಿನ ಮಾತಿಗೆ ಸ್ವಲ್ಪ ಯೋಚಿಸಿದರು.

ಆ ಯೋಚನೆಗೆ ಹೆಚ್ಚು ಸಮಯ ಸಿಗಲಿಲ್ಲ. ಜಿಲ್ಲೆ ಬಿಟ್ಟು ಹೋಗಬೇಕೆಂಬ ಆದೇಶವನ್ನು ಗಾಂಧೀಜಿ ಮೀರಿದರು. ಏಪ್ರಿಲ್ 18ರಂದು ಮೋತಿಹಾರಿಯ ಕೋರ್ಟಿನಲ್ಲಿ ನಿಂತು, ಹೌದು, ಆದೇಶ ಮುರಿದಿದ್ದೇನೆ ಎಂದು ಒಪ್ಪಿಕೊಂಡರು. ಸಾಕ್ಷಿಗಳ ಪಟ್ಟಿ ಹಿಡಿದು ಬಂದಿದ್ದ ಸರ್ಕಾರಿ ವಕೀಲರಿಗೆ ಮುಂದೇನು ಮಾಡಬೇಕೆಂದೇ ತೋಚಲಿಲ್ಲ. ಕೆಲವೇ ದಿನಗಳಲ್ಲಿ ಮೊಕದ್ದಮೆ ವಾಪಸಾಯಿತು. ಕೋರ್ಟಿಗೆ ಹೋಗುವ ಮೊದಲು, ನಾನು ಜೈಲಿಗೆ ಹೋದರೆ ನೀವೇನು ಮಾಡುತ್ತೀರಿ ಎಂಬ ಪ್ರಶ್ನೆ ಬಂದಿತ್ತು. ಊರಿಗೆ ಹೋಗುತ್ತೇವೆ ಎಂಬುದು ವಕೀಲರ ಮೊದಲ ಉತ್ತರ. ಆಮೇಲೆ ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಎಲ್ಲಿಂದಲೋ ಬಂದ ಮನುಷ್ಯ ನಮ್ಮ ರೈತರಿಗಾಗಿ ಜೈಲಿಗೆ ಹೋಗಿ, ನಾವು ಮನೆಗೆ ಹೋದರೆ ಮುಖ ಎಲ್ಲಿಡುವುದು? ಜೈಲಿಗೆ ಬರುತ್ತೇವೆ ಎಂದರು. ಅವರನ್ನು ಯಾರೂ ಬಲವಂತ ಮಾಡಿರಲಿಲ್ಲ.

ಮೊಕದ್ದಮೆ ಮುಗಿದ ಮೇಲೆ ನಡೆದ ಕೆಲಸ ಪಠ್ಯಪುಸ್ತಕಗಳಲ್ಲಿ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ಚಂಪಾರಣದ ತಿರುಳು ಅಲ್ಲೇ ಇದೆ. ರೈತರು ಗುಂಪುಗುಂಪಾಗಿ ಬಂದು ಹೇಳಿಕೆ ಕೊಡತೊಡಗಿದರು, ವಕೀಲರು ಬೆಳಗಿನಿಂದ ಸಂಜೆಯವರೆಗೆ ಬರೆದುಕೊಂಡರು. ಬರೆಯುವುದಕ್ಕೂ ನಿಯಮವಿತ್ತು. ಪ್ರತಿಯೊಬ್ಬ ರೈತನನ್ನೂ ಕೋರ್ಟಿನಲ್ಲಿ ಮಾಡುವ ಹಾಗೆ ಪಾಟೀಸವಾಲಿಗೆ ಗುರಿಪಡಿಸಬೇಕು. ಹೇಳಿದ್ದರಲ್ಲಿ ಹೊಂದಿಕೆ ಇಲ್ಲದಿದ್ದರೆ ಆ ಹೇಳಿಕೆಯನ್ನು ಬಿಡಬೇಕು. ತಮ್ಮ ಪರವಾದ ಸಾಕ್ಷ್ಯವನ್ನೇ ಜರಡಿ ಹಿಡಿದ ಹೋರಾಟ ಅದು. ಹೀಗೆ ಮಾಡಿದ್ದರಿಂದ ಕೆಲಸ ನಿಧಾನವಾಯಿತು, ಆದರೆ ಉಳಿದ ಹೇಳಿಕೆಗಳನ್ನು ಅಲ್ಲಾಡಿಸುವುದು ಯಾರಿಗೂ ಆಗಲಿಲ್ಲ.

ಗುಪ್ತಚರ ಪೊಲೀಸರು ಅಲ್ಲೇ ಕುಳಿತಿರುತ್ತಿದ್ದರು. ಅವರನ್ನು ಓಡಿಸಬಹುದಿತ್ತು. ಬೇಡ, ಮರ್ಯಾದೆಯಿಂದ ಕೂರಿಸಿ, ಕೊಡಬಹುದಾದ ಮಾಹಿತಿಯನ್ನೆಲ್ಲ ಕೊಡಿ ಎಂದು ಗಾಂಧೀಜಿ ಹೇಳಿದ್ದರು. ಪೊಲೀಸರ ಎದುರಿಗೇ ಹೇಳಿಕೆ ಕೊಡುತ್ತ ಕೊಡುತ್ತ ರೈತರಿಗೆ ಪೊಲೀಸರ ಭಯ ಹೋಯಿತು. ಪೊಲೀಸರ ಎದುರು ಉತ್ಪ್ರೇಕ್ಷೆ ಮಾಡಿದರೆ ಸಿಕ್ಕಿಬೀಳುತ್ತೇವೆ ಎಂಬ ಎಚ್ಚರವೂ ಬಂತು. ಪತ್ರಿಕೆಗಳಿಗೆ, ವರದಿಗಾರರನ್ನು ಕಳಿಸಬೇಡಿ, ಬೇಕಾದ್ದನ್ನು ನಾನೇ ಕಳಿಸುತ್ತೇನೆ ಎಂದು ಪತ್ರ ಹೋಯಿತು. ಕಾಂಗ್ರೆಸ್ಸಿನ ಹೆಸರನ್ನೂ ಎತ್ತಲಿಲ್ಲ. ಒಂದು ಬೀದಿ ದೀಪ ಹಾಕಿಸಿದರೂ ಹತ್ತು ಫ್ಲೆಕ್ಸ್ ಏರಿಸುವ ಕಾಲದವರಿಗೆ ಇದು ವಿಚಿತ್ರವಾಗಿ ಕಾಣಬಹುದು. ಪ್ರಚಾರ ಹೆಚ್ಚಾದಷ್ಟೂ ಯಜಮಾನರು ಸಿಟ್ಟಾಗಿ ಪಟ್ಟು ಹಿಡಿಯುತ್ತಾರೆ, ಕೊನೆಗೆ ರಾಜಿಗೆ ಕೂರಬೇಕಾದವರೂ ಅವರೇ ಎಂಬ ಲೆಕ್ಕಾಚಾರ ಇದರ ಹಿಂದಿತ್ತು.

ದುಡ್ಡಿನ ವಿಚಾರ. ಚಂಪಾರಣದ ರೈತರಿಂದ ಒಂದು ಕಾಸೂ ಮುಟ್ಟಬಾರದು, ದೇಶದ ಮುಂದೆ ಕೈಯೊಡ್ಡಲೂಬಾರದು ಎಂದು ತೀರ್ಮಾನವಾಯಿತು. ಬ್ರಜಕಿಶೋರರು ಬಿಹಾರದ ಅನುಕೂಲಸ್ಥರಿಂದ ಸಂಗ್ರಹಿಸುವುದು, ಸಾಲದಿದ್ದರೆ ರಂಗೂನಿನಲ್ಲಿದ್ದ ಗೆಳೆಯ ಡಾ. ಪ್ರಾಣಜೀವನ ಮೆಹ್ತಾರನ್ನು ಕೇಳುವುದು. ಒಟ್ಟು ಖರ್ಚು 3,000 ರೂಪಾಯಿ ದಾಟಿರಲಾರದು, ಕೂಡಿಸಿದ್ದರಲ್ಲಿ ಕೆಲವು ನೂರು ರೂಪಾಯಿ ಉಳಿಯಿತು ಎಂದು ಗಾಂಧೀಜಿ ನೆನೆಯುತ್ತಾರೆ. ಈ ಬಿಗಿ ಅವರಿಗೆ ಹೊಸದೇನಲ್ಲ. 1894ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ನೇಟಾಲ್ ಇಂಡಿಯನ್ ಕಾಂಗ್ರೆಸ್ ಕಟ್ಟಿದಾಗಲೇ ಪ್ರತಿ ಚಂದಾಕ್ಕೂ ರಸೀದಿ ಕೊಡುವ ಪದ್ಧತಿ ಇತ್ತು. ಟೊಂಗಾಟ್ ಎಂಬ ಊರಿನಲ್ಲಿ ಆತಿಥೇಯ ವ್ಯಾಪಾರಿಯೊಬ್ಬರು ಆರು ಪೌಂಡ್ ಕೊಡಬೇಕಾದಲ್ಲಿ ಮೂರಕ್ಕಿಂತ ಹೆಚ್ಚು ಕೊಡಲೊಲ್ಲೆ ಎಂದಾಗ, ಗಾಂಧೀಜಿಯೂ ಜೊತೆಗಾರರೂ ಹಸಿದ ಹೊಟ್ಟೆಯಲ್ಲಿ ರಾತ್ರಿಯಿಡೀ ಅವರ ಮನೆಯಲ್ಲಿ ಊಟ ಮಾಡದೆ ಕುಳಿತರು. ಬೆಳಗಾಗುತ್ತಿದ್ದಂತೆ ವ್ಯಾಪಾರಿ ಆರು ಪೌಂಡ್ ಎಣಿಸಿಟ್ಟು ಊಟಕ್ಕೆ ಎಬ್ಬಿಸಿದರು. ಚಂದಾ ವಸೂಲಿ ಮಾಡಿ ಬಲ್ಲವರು ಈ ಕತೆ ಕೇಳಿ ನಗುತ್ತಾರೆ. ವಸೂಲಿಗೆ ಅಷ್ಟು ಹಟ ಮಾಡಿದವರು ಲೆಕ್ಕಕ್ಕೂ ಅಷ್ಟೇ ಹಟ ಮಾಡುತ್ತಿದ್ದರು, ಹಾಗಾಗಿ ಕೇಳುವಾಗ ಸಂಕೋಚವಿರಲಿಲ್ಲ.

ಇನ್ನು ಅಡುಗೆಮನೆ. ವಕೀಲರು ಬರುವಾಗ ಒಬ್ಬೊಬ್ಬರೂ ಒಬ್ಬ ಆಳು, ಒಬ್ಬ ಅಡುಗೆಯವನನ್ನು ಕರೆತಂದಿದ್ದರು. ಒಂದೇ ಸೂರಿನಡಿ ಹತ್ತು ಒಲೆ. ಕೆಲವರ ಊಟ ನಡುರಾತ್ರಿಗೆ. ಗಾಂಧೀಜಿ ಉಪನ್ಯಾಸ ಕೊಡಲಿಲ್ಲ, ತಮಾಷೆ ಮಾಡಿದರು. ತಮಾಷೆ ನಾಟಿತು. ಆಳುಗಳು ಊರಿಗೆ ಹೋದರು, ಒಂದೇ ಅಡುಗೆಮನೆಯಾಯಿತು, ಊಟಕ್ಕೆ ಹೊತ್ತು ಗೊತ್ತಾಯಿತು. ಖರ್ಚೂ ಇಳಿಯಿತು, ಕೆಲಸಕ್ಕೆ ಸಮಯವೂ ಸಿಕ್ಕಿತು. ಜಾತಿಯ ಬಿಗಿ ಹೆಚ್ಚಿದ್ದ ಆ ಕಾಲದಲ್ಲಿ ಒಟ್ಟಿಗೆ ಕೂತು ಉಣ್ಣುವುದು ಸಣ್ಣ ಸಂಗತಿಯಾಗಿರಲಿಲ್ಲ.

ಸರ್ಕಾರ ಕೊನೆಗೆ ಸರ್ ಫ್ರಾಂಕ್ ಸ್ಲೈ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿ ನೇಮಿಸಿ ಗಾಂಧೀಜಿಯವರನ್ನೂ ಅದರ ಸದಸ್ಯರನ್ನಾಗಿ ಮಾಡಿತು. ರೈತರಿಂದ ವಸೂಲಾಗಿದ್ದ ಹಣದಲ್ಲಿ ಕಾಲು ಭಾಗ ವಾಪಸು ಎಂಬಲ್ಲಿಗೆ ರಾಜಿಯಾಯಿತು. ಕಾಲು ಭಾಗವೇ ಎಂದು ಮೂಗು ಮುರಿದವರಿದ್ದರು. ಯಜಮಾನರು ಒಂದು ಪಾಲನ್ನಾದರೂ ಹಿಂದಿರುಗಿಸಿದರೆ ಅವರ ದರ್ಪ ಮುರಿದಂತೆ ಎಂಬುದು ಗಾಂಧೀಜಿಯ ಎಣಿಕೆ. 1918ರ ಕಾಯಿದೆಯಿಂದ ತೀನ್‌ಕಠಿಯಾ ರದ್ದಾಯಿತು.

ಇಲ್ಲಿಗೆ ಕತೆ ಮುಗಿಯಬಹುದಿತ್ತು. ಕನ್ನಡಿಗರಿಗೆ ಸಂಬಂಧಪಟ್ಟ ಒಂದು ಪುಟ ಇಲ್ಲಿಂದಲೇ ಶುರು. ಹಳ್ಳಿಗಳ ಕೊಳಕು, ರೋಗ, ಅನಕ್ಷರತೆ ನೋಡಿ ಆರು ಹಳ್ಳಿಗಳಲ್ಲಿ ಶಾಲೆ ತೆರೆಯಲು ಗಾಂಧೀಜಿ ನಿರ್ಧರಿಸಿದರು. ಮೇಷ್ಟರು ಎಲ್ಲಿಂದ? ಸ್ವಯಂಸೇವಕರು ಬೇಕೆಂದು ಕರೆ ಹೋದಾಗ, ಬೆಳಗಾವಿಯಿಂದ ಗಂಗಾಧರರಾವ್ ದೇಶಪಾಂಡೆಯವರು ಬಾಬಾಸಾಹೇಬ ಸೋಮಣ ಮತ್ತು ಪುಂಡಲೀಕ ಎಂಬ ಇಬ್ಬರನ್ನು ಕಳಿಸಿಕೊಟ್ಟರು. ಮುಂಬಯಿಯಿಂದ ಅವಂತಿಕಾಬಾಯಿ ಗೋಖಲೆ, ಪುಣೆಯಿಂದ ಆನಂದಿಬಾಯಿ ವೈಶಂಪಾಯನ ಬಂದರು. ಕಸ್ತೂರಬಾ ಕೂಡ ಬಂದರು. ಹಿಂದಿ ಬಾರದ ನಾವು ಕಲಿಸುವುದೇನು ಎಂದು ಕೆಲವರು ಅಳುಕಿದಾಗ, ವ್ಯಾಕರಣಕ್ಕಿಂತ ಶುಚಿ, ಒಳ್ಳೆಯ ನಡತೆ ಕಲಿಸಿ ಎಂಬ ಉತ್ತರ ಬಂತು.

ಭಿತಿಹರ್ವಾ ಎಂಬ ಹಳ್ಳಿಯ ಶಾಲೆ ಸೋಮಣ ಮತ್ತು ಕಸ್ತೂರಬಾ ಅವರ ಪಾಲಿಗೆ ಬಂತು. ಬಿದಿರು, ಹುಲ್ಲಿನಿಂದ ಕಟ್ಟಿದ ಗುಡಿಸಲು. ಒಂದು ರಾತ್ರಿ ಯಾರೋ ಅದಕ್ಕೆ ಬೆಂಕಿ ಇಟ್ಟರು. ಅಕ್ಕಪಕ್ಕದ ತೋಟದವರ ಕಡೆಯವರಿರಬಹುದು ಎಂಬ ಗುಮಾನಿ. ಮತ್ತೆ ಗುಡಿಸಲು ಕಟ್ಟಿದರೆ ಮತ್ತೆ ಬೆಂಕಿ ಬೀಳುವ ಭಯ. ಸೋಮಣರು ಇಟ್ಟಿಗೆಯ ಪಕ್ಕಾ ಕಟ್ಟಡವನ್ನೇ ಕಟ್ಟುವುದೆಂದು ತೀರ್ಮಾನಿಸಿ ತಾವೇ ಕೆಲಸಕ್ಕೆ ಇಳಿದರು. ಅವರು ದುಡಿಯುವುದನ್ನು ನೋಡಿ ಜನ ಬಂದು ಕೈಜೋಡಿಸಿದರು. ಕಟ್ಟಡ ಬೇಗನೆ ಎದ್ದು ನಿಂತಿತು. ರಾಷ್ಟ್ರನಾಯಕರ ಪಟ್ಟಿಯಲ್ಲಿ ಸೋಮಣರ ಹೆಸರಿಲ್ಲ. ಅವರು ಮಾಡಿದ್ದು ಮಾತ್ರ ನಾಯಕರು ಮಾಡುವ ಕೆಲಸವೇ. ನಾಯಕತ್ವ ಒಬ್ಬರಿಂದ ಇನ್ನೊಬ್ಬರಿಗೆ ದಾಟಿದ್ದನ್ನು ಕಣ್ಣಿಗೆ ಕಾಣುವಂತೆ ತೋರಿಸುವ ಘಟನೆ ಇದಕ್ಕಿಂತ ಬೇರೆ ಬೇಕಿಲ್ಲ.

ಅದೇ ಸೀಮೆಯ ಒಂದು ಪುಟ್ಟ ಹಳ್ಳಿಯಲ್ಲಿ ಹೆಂಗಸರ ಬಟ್ಟೆ ತೀರ ಕೊಳಕಾಗಿದ್ದನ್ನು ಕಂಡು, ಯಾಕೆ ಒಗೆಯುವುದಿಲ್ಲ ಕೇಳು ಎಂದು ಗಾಂಧೀಜಿ ಕಸ್ತೂರಬಾಗೆ ಹೇಳಿದರು. ಒಬ್ಬಾಕೆ ಅವರನ್ನು ಗುಡಿಸಲೊಳಗೆ ಕರೆದೊಯ್ದು, ಪೆಟ್ಟಿಗೆಯಿಲ್ಲ, ಬೀರುವಿಲ್ಲ, ನನಗಿರುವುದು ಮೈಮೇಲಿನ ಈ ಒಂದೇ ಸೀರೆ, ಒಗೆದು ಉಡುವುದೇನನ್ನು ಎಂದಳು. ಶುಚಿಯ ಪಾಠ ಹೇಳಲು ಹೋದವರೇ ಪಾಠ ಕಲಿತರು. ಪ್ರಶ್ನೆ ಕೇಳದೆ ಉಪದೇಶ ಮಾಡಿದ್ದರೆ ಆ ಉತ್ತರ ಎಂದೂ ಹೊರಬರುತ್ತಿರಲಿಲ್ಲ.

ಆದರೂ ಚಂಪಾರಣದ ಶಾಲೆಗಳ ಕೆಲಸ ಗಾಂಧೀಜಿ ಬಯಸಿದಷ್ಟು ಬೇರು ಬಿಡಲಿಲ್ಲ. ಬಂದ ಸ್ವಯಂಸೇವಕರು ಗೊತ್ತಾದ ಅವಧಿಗೆ ಬಂದಿದ್ದರು. ಅವರು ಹೊರಟ ಮೇಲೆ ಹೊರಗಿನಿಂದ ಬೇರೆಯವರು ಸಿಗಲಿಲ್ಲ, ಬಿಹಾರದೊಳಗೆ ಸಂಬಳವಿಲ್ಲದೆ ಕಾಯಂ ದುಡಿಯುವವರೂ ಸಿಗಲಿಲ್ಲ. ಇದನ್ನು ಗಾಂಧೀಜಿಯೇ ಬರೆದಿದ್ದಾರೆ. ಊರಿನವರನ್ನು ತಯಾರು ಮಾಡದೆ ಹೊರಗಿನ ಉತ್ಸಾಹಿಗಳ ಮೇಲೆ ನಿಂತ ಎಷ್ಟೋ ಗ್ರಂಥಾಲಯ, ರಂಗತಂಡ, ಯುವಕ ಸಂಘಗಳ ಗತಿ ಇಂದೂ ಅದೇ. ಮಹಾತ್ಮರಿಂದ ಕಲಿಯುವಾಗ ಅವರಿಗೆ ಕೈಗೂಡದ್ದನ್ನೂ ಓದಿಕೊಂಡರೆ ಲಾಭ ಹೆಚ್ಚು.

ಹೀಗೆ ಓದಬೇಕು ಎಂದು ಗಟ್ಟಿಯಾಗಿ ಹೇಳಿದವರು ಡಾ. ಅಂಬೇಡ್ಕರ್. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಮಾಡಿದ ಭಾಷಣದಲ್ಲಿ ಅವರು ರಾಜಕಾರಣದಲ್ಲಿ ಭಕ್ತಿ ಸರ್ವಾಧಿಕಾರಕ್ಕೆ ದಾರಿ ಎಂದು ಎಚ್ಚರಿಸಿದರು. ಆ ಎಚ್ಚರಿಕೆಯನ್ನು ಎಲ್ಲರೂ ನೆನೆಯುತ್ತಾರೆ. ಅದೇ ಭಾಷಣದ ಮೊದಲ ಭಾಗವನ್ನು ನೆನೆಯುವವರು ಕಡಿಮೆ. ಅಲ್ಲಿ ಅಂಬೇಡ್ಕರ್ ಮಾಡಿದ್ದು ಇತರರಿಗೆ ಸಲ್ಲಬೇಕಾದ್ದನ್ನು ಸಲ್ಲಿಸುವ ಕೆಲಸ.

ಸಂವಿಧಾನದ ಕರಡು ಸಮಿತಿಗೆ ಏಳು ಮಂದಿ. ಒಬ್ಬರು ರಾಜೀನಾಮೆ ಕೊಟ್ಟರು, ಒಬ್ಬರು ತೀರಿಕೊಂಡರು, ಒಬ್ಬರು ಅಮೆರಿಕದಲ್ಲಿದ್ದರು, ಇನ್ನೊಬ್ಬರು ಸಂಸ್ಥಾನದ ಕೆಲಸಗಳಲ್ಲಿ ಮುಳುಗಿದ್ದರು, ಒಂದಿಬ್ಬರು ದೆಹಲಿಯಿಂದ ದೂರವಿದ್ದರು; ಭಾರವೆಲ್ಲ ಅಂಬೇಡ್ಕರರ ಮೇಲೆ ಬಿತ್ತು ಎಂದು ಟಿ.ಟಿ. ಕೃಷ್ಣಮಾಚಾರಿ 1948ರ ನವೆಂಬರ್‌ನಲ್ಲೇ ಸಭೆಯಲ್ಲಿ ಹೇಳಿದ್ದರು. ಹೀಗಿದ್ದೂ ಕೊನೆಯ ಭಾಷಣದಲ್ಲಿ ಅಂಬೇಡ್ಕರ್, ಕೀರ್ತಿ ನನ್ನೊಬ್ಬನದಲ್ಲ ಎಂದು ಹೇಳಿ, ಮೊದಲ ಒರಟು ಕರಡು ಸಿದ್ಧಪಡಿಸಿದ ಬಿ.ಎನ್. ರಾಯರನ್ನು ಹೆಸರಿಸಿದರು. ಈ ಬೆನೆಗಲ್ ನರಸಿಂಗರಾಯರು ದಕ್ಷಿಣ ಕನ್ನಡದ ಮನೆತನದವರು. ಆಮೇಲೆ ಎಸ್.ಎನ್. ಮುಖರ್ಜಿ ಎಂಬ ಕರಡುಗಾರ ಅಧಿಕಾರಿಯನ್ನೂ, ಅವರ ಕೈಕೆಳಗೆ ತಡರಾತ್ರಿಯವರೆಗೆ ದುಡಿದ ಸಿಬ್ಬಂದಿಯನ್ನೂ ನೆನೆದರು. ನಮ್ಮ ಸಮಾರಂಭಗಳಲ್ಲೂ ವಂದನಾರ್ಪಣೆ ಇರುತ್ತದೆ. ಅಲ್ಲಿ ಉಪಕಾರ ಸ್ಮರಣೆ ಸಾಮಾನ್ಯವಾಗಿ ಮೇಲ್ಮುಖವಾಗಿ ಹರಿಯುತ್ತದೆ: ಶಾಸಕರು, ದಾನಿಗಳು, ಪೀಠಾಧಿಪತಿಗಳು. ಮೈಕ್ ಜೋಡಿಸಿದವನ ಹೆಸರು ಬರುವಷ್ಟರಲ್ಲಿ ಜನ ಎದ್ದಿರುತ್ತಾರೆ.

ಇದಕ್ಕಿಂತ ದೊಡ್ಡ ಪಾಠ ಅದೇ ಭಾಷಣದಲ್ಲಿ ಮುಂದೆ ಬರುತ್ತದೆ. ಕರಡಿಗೆ 7,635 ತಿದ್ದುಪಡಿಗಳು ಬಂದಿದ್ದವು, 2,473 ಸಭೆಯಲ್ಲಿ ಮಂಡನೆಯಾಗಿದ್ದವು. ಕೆಲವು ಸದಸ್ಯರು ಯಾವ ವಿಧಿ ಬಂದರೂ ಎದ್ದು ನಿಲ್ಲುತ್ತಿದ್ದರು. ಅವರಲ್ಲಿ ಎಚ್.ವಿ. ಕಾಮತ್ ಒಬ್ಬರು, ಹುಟ್ಟಿದ್ದು ಮಂಗಳೂರಿನಲ್ಲಿ, ಐಸಿಎಸ್ ನೌಕರಿ ಬಿಟ್ಟು ಬಂದವರು. ಪೀಠಿಕೆ ದೇವರ ಹೆಸರಿನಲ್ಲಿ ಶುರುವಾಗಬೇಕೆಂದು ಕಾಮತ್ ಪಟ್ಟು ಹಿಡಿದು ಮತಕ್ಕೆ ಹಾಕಿಸಿದರು. 41 ಪರ, 68 ವಿರುದ್ಧ, ಸೋಲಾಯಿತು. ಇಂಥ ತಕರಾರಿನವರನ್ನು, ಕಾಮತ್, ಕೆ.ಟಿ. ಶಾ, ಹೃದಯನಾಥ ಕುಂಜ್ರು, ಪಂಡಿತ ಠಾಕೂರದಾಸ ಭಾರ್ಗವ ಮೊದಲಾದವರನ್ನು, ಹೆಸರು ಹಿಡಿದು ಅಂಬೇಡ್ಕರ್ ನೆನೆದರು. ಅವರ ಸಲಹೆಗಳನ್ನು ಒಪ್ಪದಿದ್ದ ಮಾತ್ರಕ್ಕೆ ಅವುಗಳ ಬೆಲೆ ಕಡಿಮೆಯಾಗದು, ಅವರಿಲ್ಲದಿದ್ದರೆ ಸಭೆ ಹೌದಪ್ಪಗಳ ಕೂಟವಾಗಿ ನೀರಸವಾಗುತ್ತಿತ್ತು ಎಂಬುದು ಅವರ ಮಾತಿನ ಸಾರ.

ಪ್ರತಿ ಸಂಘದಲ್ಲೂ ಒಬ್ಬ ಕಾಮತ್ ಇರುತ್ತಾರೆ. ಲೆಕ್ಕಪತ್ರದ ಮೂರನೆಯ ಪುಟದಲ್ಲಿ ಈ ಎಂಟುನೂರು ರೂಪಾಯಿ ಏನು ಎಂದು ಕೇಳುವವರು. ಸಭೆಯ ನೋಟಿಸು ಅವರಿಗೆ ಮಾತ್ರ ತಡವಾಗಿ ತಲುಪುವ ಹಾಗೆ ನೋಡಿಕೊಳ್ಳುವ ಕಲೆ ನಮ್ಮಲ್ಲಿ ಚೆನ್ನಾಗಿ ಬೆಳೆದಿದೆ.

ಎದುರಾಳಿಯನ್ನು ಸಹಿಸುವುದರಿಂದ ಒಂದು ಹೆಜ್ಜೆ ಮುಂದೆ ಹೋದವರು ಕಾಮರಾಜ್. ವಿರುದುನಗರದವರು. ತಂದೆ ಬೇಗ ತೀರಿಕೊಂಡು ಓದು ಎಳೆ ವಯಸ್ಸಿಗೇ ನಿಂತಿತು. 1954ರಲ್ಲಿ ರಾಜಾಜಿ ಮದರಾಸಿನ ಮುಖ್ಯಮಂತ್ರಿ ಪದವಿ ಬಿಟ್ಟಾಗ ಕಾಂಗ್ರೆಸ್ ಶಾಸಕಾಂಗ ಪಕ್ಷದ ನಾಯಕತ್ವಕ್ಕೆ ಸ್ಪರ್ಧೆ ನಡೆಯಿತು. ಕಾಮರಾಜ್ ಎದುರು ನಿಂತವರು ಸಿ. ಸುಬ್ರಮಣ್ಯಂ, ಅವರ ಹೆಸರು ಸೂಚಿಸಿದವರು ಎಂ. ಭಕ್ತವತ್ಸಲಂ. ಗೆದ್ದ ಕಾಮರಾಜ್ ತಮ್ಮ ಪುಟ್ಟ ಸಂಪುಟಕ್ಕೆ ಇಬ್ಬರನ್ನೂ ತೆಗೆದುಕೊಂಡರು. ಶಿಕ್ಷಣ ಖಾತೆಯನ್ನು ಸುಬ್ರಮಣ್ಯಂ ಅವರಿಗೇ ಕೊಟ್ಟರು. ಶಾಲೆ ಬಿಟ್ಟ ಹುಡುಗನಾಗಿದ್ದ ಮುಖ್ಯಮಂತ್ರಿಗೆ ಅತಿ ಪ್ರಿಯವಾದ ಖಾತೆ ಅದು. ಹಳ್ಳಿಹಳ್ಳಿಗೂ ಶಾಲೆ, 1956ರಿಂದ ಮಕ್ಕಳಿಗೆ ಮಧ್ಯಾಹ್ನದ ಊಟ ಎಲ್ಲವೂ ಆ ಆಡಳಿತದಲ್ಲಿ ಬಂದವು. ತಮಗೆ ಅತಿ ಮುಖ್ಯವಾದ ಕೆಲಸವನ್ನು ತಮ್ಮ ವಿರುದ್ಧ ನಿಂತವರ ಕೈಗೆ ಕೊಡಲು ಎದೆಗಾರಿಕೆ ಬೇಕು. ಜೊತೆಗೆ, ಯಾರಿಗೆ ಯಾವ ಕೆಲಸ ಬರುತ್ತದೆ ಎಂಬ ಅಂದಾಜೂ ಬೇಕು. ಆ ಅಂದಾಜು ತಪ್ಪಿರಲಿಲ್ಲ: ಇದೇ ಸುಬ್ರಮಣ್ಯಂ ಮುಂದೆ ಕೇಂದ್ರದ ಆಹಾರ ಮತ್ತು ಕೃಷಿ ಮಂತ್ರಿಯಾಗಿ ಹೆಚ್ಚು ಇಳುವರಿಯ ಗೋಧಿ ಬೀಜವನ್ನು ದೇಶಕ್ಕೆ ತಂದರು.

ಕಾಮರಾಜ್ ಮಾತು ಕಡಿಮೆ. ಅಹವಾಲು ತಂದವರಿಗೆ 'ಪಾರ್ಕಲಾಂ', ನೋಡೋಣ, ಎನ್ನುತ್ತಿದ್ದುದೇ ಹೆಚ್ಚು. ಆಗದ್ದನ್ನು ಆಗುತ್ತದೆ ಎಂದು ಹೇಳಿ ಕಳಿಸುವ ಅಭ್ಯಾಸ ಅವರಿಗಿರಲಿಲ್ಲ. 1963ರ ಅಕ್ಟೋಬರ್ 2ರಂದು, ಪಕ್ಷ ಕಟ್ಟಲು ಹಿರಿಯರು ಅಧಿಕಾರ ಬಿಡಬೇಕೆಂಬ ತಮ್ಮದೇ ಯೋಜನೆಯಂತೆ ತಾವೂ ಮುಖ್ಯಮಂತ್ರಿ ಪದವಿ ಬಿಟ್ಟರು. ಆರು ಮುಖ್ಯಮಂತ್ರಿಗಳು, ಆರು ಕೇಂದ್ರ ಮಂತ್ರಿಗಳು ಹೊರಬಂದರು. ಕೆಲವರನ್ನು ಹೊರಹಾಕಲು ನೆಹರೂಗೆ ಇದೊಂದು ನೆಪವಾಯಿತು ಎಂಬ ಟೀಕೆಯೂ ಬಂತು, ಅದರಲ್ಲಿ ಹುರುಳಿಲ್ಲದೆ ಇಲ್ಲ.

ಹಾಗೆ ಹೊರಬಂದವರಲ್ಲಿ ಲಾಲ್ ಬಹಾದೂರ್ ಶಾಸ್ತ್ರಿ ಒಬ್ಬರು. ಕುರ್ಚಿ ಬಿಡುವುದು ಅವರಿಗೆ ಮೊದಲ ಸಲವಲ್ಲ. ರೈಲ್ವೆ ಮಂತ್ರಿಯಾಗಿದ್ದಾಗ 1956ರಲ್ಲಿ ಮೆಹಬೂಬ್‌ನಗರದ ಬಳಿ ರೈಲು ಅಪಘಾತವಾಗಿ ನೂರಕ್ಕೂ ಹೆಚ್ಚು ಜನ ಸತ್ತರು. ಶಾಸ್ತ್ರಿ ರಾಜೀನಾಮೆ ಕೊಟ್ಟರು, ನೆಹರೂ ಒಪ್ಪಲಿಲ್ಲ. ನವೆಂಬರ್ 23ರಂದು ಅರಿಯಲೂರಿನ ಬಳಿ ಪ್ರವಾಹಕ್ಕೆ ಸೇತುವೆ ಕುಸಿದು 140ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡಾಗ ಮತ್ತೆ ಕೊಟ್ಟರು, ಈ ಸಲ ಅಂಗೀಕಾರವಾಯಿತು. ಮಂತ್ರಿ ಹೋದರೆ ಸೇತುವೆ ಗಟ್ಟಿಯಾಗುತ್ತದೆಯೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆಗುವುದಿಲ್ಲ. ಸಾಮಾನ್ಯರು ಇಲ್ಲಿ ಕಲಿಯಬಹುದಾದ್ದು ರಾಜೀನಾಮೆಗಿಂತ ಅದಕ್ಕೂ ಮುಂಚಿನ ಒಂದು ನಡೆ. ಕೆಳಗಿನ ಎಂಜಿನಿಯರನ್ನೋ ಗ್ಯಾಂಗ್‌ಮನ್ನನ್ನೋ ಮುಂದೆ ತಳ್ಳುವ ಬದಲು, ಇದು ನನ್ನ ಇಲಾಖೆಯಲ್ಲಿ ಆದದ್ದು ಎಂದು ಮೊದಲು ಬಾಯಿ ಬಿಟ್ಟವರು ಅತಿ ಮೇಲಿದ್ದವರು. ಬಿಸಿಯೂಟದಲ್ಲಿ ಹುಳು ಸಿಕ್ಕ ದಿನ ಅಡುಗೆಯವರ ಕಡೆ ಬೆರಳು ತೋರಿಸುವ ಮೊದಲು ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರು ದಾಸ್ತಾನು ಕೋಣೆಗೆ ಒಮ್ಮೆ ಹೋಗಿ ಬರಬಹುದು. 1965ರಲ್ಲಿ ಆಹಾರದ ಅಭಾವವಿದ್ದಾಗ ವಾರಕ್ಕೊಂದು ಹೊತ್ತು, ಸೋಮವಾರ ರಾತ್ರಿ, ಊಟ ಬಿಡಿ ಎಂದು ಪ್ರಧಾನಿಯಾಗಿ ಅವರು ಕರೆಕೊಟ್ಟಾಗ ಮೊದಲು ತಮ್ಮ ಮನೆಯಲ್ಲಿ ಒಲೆ ಹಚ್ಚದೆ ನೋಡಿದರಂತೆ. ಮಕ್ಕಳಿಗೆ ತಡೆಯಲು ಆಗುತ್ತದೋ ಇಲ್ಲವೋ ಎಂಬ ಪರೀಕ್ಷೆ ಮನೆಯಲ್ಲೇ ಆಗಿತ್ತು, ಆದ್ದರಿಂದ ಜನ ಕೇಳಿದರು. ಆ ಸಂಜೆಗಳಲ್ಲಿ ಎಷ್ಟೋ ಹೋಟೆಲುಗಳು ಬಾಗಿಲು ಹಾಕಿದವು.

ಕೊನೆಯದಾಗಿ ಜವಾಹರಲಾಲ್ ನೆಹರೂ ಅವರ ಒಂದು ತುಂಟತನ. 1937ರ ನವೆಂಬರ್‌ನಲ್ಲಿ ಕಲ್ಕತ್ತೆಯ 'ಮಾಡರ್ನ್ ರಿವ್ಯೂ' ಪತ್ರಿಕೆಯಲ್ಲಿ 'ರಾಷ್ಟ್ರಪತಿ' ಎಂಬ ಲೇಖನ ಬಂತು, ಬರೆದವರು ಚಾಣಕ್ಯ. ಆಗ ಕಾಂಗ್ರೆಸ್ ಅಧ್ಯಕ್ಷರನ್ನು ರಾಷ್ಟ್ರಪತಿ ಎನ್ನುತ್ತಿದ್ದರು. ನೆಹರೂ ಸತತ ಎರಡು ಅಧಿವೇಶನಗಳಿಗೆ ಅಧ್ಯಕ್ಷರಾಗಿದ್ದು, ಮೂರನೆಯ ಸಲವೂ ಅವರೇ ಆಗಲಿ ಎಂಬ ಮಾತು ನಡೆದಿತ್ತು. ಬೇಡ ಎನ್ನುತ್ತದೆ ಲೇಖನ. ಈ ಮನುಷ್ಯನಿಗೆ ಜನಪ್ರಿಯತೆ ತಲೆಗೇರಿದೆ, ಅಹಂಕಾರವಿದೆ, ತಾಳ್ಮೆಯಿಲ್ಲ, ಸ್ವಲ್ಪ ತಿರುಗಿದರೆ ಸರ್ವಾಧಿಕಾರಿಯಾದಾನು ಎಂದು ಎಚ್ಚರಿಸುತ್ತದೆ. ಚಾಣಕ್ಯ ಯಾರು ಎಂಬುದು ಆಮೇಲೆ ಗೊತ್ತಾಯಿತು: ನೆಹರೂ ಅವರೇ. 1938ರ ಹರಿಪುರ ಅಧಿವೇಶನದಲ್ಲಿ ಅಧ್ಯಕ್ಷ ಪೀಠ ಸುಭಾಷ್‌ಚಂದ್ರ ಬೋಸರದಾಯಿತು.

ಅದೇ ನೆಹರೂ ಸ್ವಾತಂತ್ರ್ಯ ಬಂದ ಮೇಲೆ ಸಾಯುವವರೆಗೂ ಪ್ರಧಾನಿಯಾಗಿದ್ದರು. 1958ರಲ್ಲಿ ಒಮ್ಮೆ ಬಿಡುತ್ತೇನೆ ಎಂದರು, ಪಕ್ಷದವರು ಬೇಡವೆಂದು ಹಿಡಿದುಕೊಂಡರು, ಉಳಿದರು. ಚಾಣಕ್ಯ ಮತ್ತೊಮ್ಮೆ ಪೆನ್ನು ಹಿಡಿಯಲಿಲ್ಲ. ನಮ್ಮ ಸಂಘಗಳ ವಾರ್ಷಿಕ ವರದಿಗಳಲ್ಲಿ ಸಾಧನೆಗಳ ಪಟ್ಟಿಗೆ ನಾಲ್ಕು ಪುಟ, ಫೋಟೋಗಳಿಗೆ ಎರಡು ಪುಟ ಇರುತ್ತವೆ. ಈ ಸಲದ ಮಹಾಸಭೆಗೆ ವರದಿ ಅಚ್ಚಿಗೆ ಕೊಡುವ ಮೊದಲು, ಈ ವರ್ಷ ಕೈಗೂಡದ್ದು ಯಾವುದು, ಯಾಕೆ ಎಂಬುದಕ್ಕೆ ಒಂದು ಪುಟ ಬಿಟ್ಟುಕೊಟ್ಟು, ಅದನ್ನು ಅಧ್ಯಕ್ಷರ ಕೈಯಿಂದಲೇ ಬರೆಸುವುದು ಅಂಥ ಕಷ್ಟದ ಕೆಲಸವೇನಲ್ಲ. ಮೂರನೆಯ ಪುಟದ ಎಂಟುನೂರು ರೂಪಾಯಿ ಕೇಳುವವರನ್ನು ಕರಡು ತಿದ್ದಲು ಕರೆಯಬಹುದು.